ಟ್ಯಾಂಕ್ ತುಂಬಿದರೆ ಸುತ್ತುತ್ತೆ, ಪಂಪ್ ಹಾಕಿದರೆ ದಾರಿ ತಪ್ಪುತ್ತೆ: ಔಷಧಿ ಡ್ರೋನಿನ ವಿದ್ಯುತ್ಕಾಂತೀಯ ಗದ್ದಲ ಹಿಡಿಯುವ ಬಗೆ

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ಮಾವಿನ ಹೂವಿಗೆ ಜಿಗಿಹುಳದ ಔಷಧಿ ಹೊಡೆಯುತ್ತಿದ್ದ ಡ್ರೋನ್ ಒಂದು ಜನವರಿಯಲ್ಲಿ ನನ್ನ ಬೆಂಚಿಗೆ ಬಂತು. ಹತ್ತು ಲೀಟರ್ ಟ್ಯಾಂಕು, ಆರು ಮೋಟರು, 12 ಸೆಲ್ಲಿನ ಬ್ಯಾಟರಿ, ಎಲ್ಲ ತುಂಬಿದರೆ 24 ಕಿಲೋ ಹತ್ತಿರ. ಜೊತೆಗೆ ಎರಡು ದೂರು. ಲೋಯಿಟರ್‌ನಲ್ಲಿ (ಇದ್ದ ಜಾಗದಲ್ಲೇ ತಾನಾಗಿ ನಿಲ್ಲುವ ಮೋಡಿನಲ್ಲಿ) ನಿಲ್ಲಿಸಿದರೆ ನಿಲ್ಲದೆ ಸುತ್ತು ಹೊಡೆಯುತ್ತೆ, ಸುತ್ತು ದೊಡ್ಡದಾಗುತ್ತಾ ಹೋಗುತ್ತೆ. ಇನ್ನೊಂದು, ಸಾಲಿನ ನಡುವೆ ಇದ್ದಕ್ಕಿದ್ದಂತೆ ಸ್ಯಾಟಲೈಟ್ ಕಡಿಮೆಯಾಗಿ, 'ಜಿಪಿಎಸ್ ಗ್ಲಿಚ್' ಅಂತ ಕೂಗಿ, ಪಕ್ಕದ ತೋಟದ ಕಡೆಗೆ ತೇಲಿಕೊಂಡು ಹೋಗುತ್ತೆ.

"ಟವರ್ ಹಾಕಿದ್ಮೇಲೆ ಹಿಂಗಾಗ್ತಾ ಐತಣ್ಣಾ. ಅದೇ ಎಳ್ಕೊಳ್ತೈತೆ" ಅಂದ ಮಾಲೀಕ.

ನಮ್ಮ ಕಡೆ ತೆಂಗಿನ ಹರಳು ಉದುರಿದರೂ ಟವರು, ಗುಬ್ಬಿ ಕಾಣದಿದ್ದರೂ ಟವರು. ಮೂರು ತಿಂಗಳಲ್ಲಿ ಅವನು ಜಿಪಿಎಸ್ ಬದಲಿಸಿದ್ದ, ಆಟೋಪೈಲಟ್ಟಿಗೆ ಹೊಸ ಫರ್ಮ್‌ವೇರ್ ಹಾಕಿಸಿದ್ದ, ಕಂಪಾಸ್ ಕ್ಯಾಲಿಬ್ರೇಷನ್ ಎಷ್ಟು ಸಲ ಮಾಡಿದ್ದನೋ ಅವನಿಗೇ ಲೆಕ್ಕವಿಲ್ಲ. ಅದೂ ಮನೆಯ ತಾರಸಿಯ ಮೇಲೆ, ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳಿನ ಎದೆಯ ಮೇಲೇ ನಿಂತು.

ಪಾರ್ಟು ಬದಲಿಸುವ ಮುಂಚೆ ನಾನು ಕೇಳುವ ಪ್ರಶ್ನೆ ಒಂದೇ: ದೋಷ ಯಾವುದರ ಬೆನ್ನು ಹತ್ತಿದೆ? ಥ್ರಾಟಲ್ಲಿನ ಬೆನ್ನಿಗಿದ್ದರೆ, ಅಂದರೆ ಕರೆಂಟು ಹೆಚ್ಚಾದಂತೆ ಹೆಚ್ಚಾದರೆ, ಪವರ್ ವೈರು ಮತ್ತು ಕಂಪಾಸ್ ನಡುವಿನ ಜಗಳ. ಯಾವುದೋ ಒಂದು ಸ್ವಿಚ್ಚಿನ ಬೆನ್ನಿಗಿದ್ದರೆ ಆ ಸ್ವಿಚ್ಚಿನ ಹಿಂದಿರುವ ಸಾಮಾನು ಗಲಾಟೆ ಮಾಡುತ್ತಿದೆ. ಜಾಗದ ಬೆನ್ನಿಗಿದ್ದರೆ, ಅಂದರೆ ಅದೇ ತೋಟದ ಅದೇ ಮೂಲೆಯಲ್ಲಿ ಮಾತ್ರ ಆದರೆ, ಆಗ ಮಾತ್ರ ಹೊರಗಡೆ ನೋಡಬೇಕು. ಟವರಿನ ಸರದಿ ಬರುವುದು ಆಮೇಲೆ.

ಪೈಲಟ್ ಹುಡುಗನನ್ನು ಪಕ್ಕಕ್ಕೆ ಕರೆದು ಕೇಳಿದೆ. ಯೋಚಿಸಿ ಹೇಳಿದ: ಟ್ಯಾಂಕು ಖಾಲಿಯಾಗುತ್ತಾ ಬಂದ ಹಾಗೆ ಸುತ್ತುವುದು ನಿಲ್ಲುತ್ತೆ. ಗ್ಲಿಚ್ ಬರುವುದು ಔಷಧಿ ಬಿಟ್ಟಾಗ ಮಾತ್ರ, ಸಾಲಿನ ಕೊನೆಯಲ್ಲಿ ತಿರುಗುವಾಗ ಇಲ್ಲ. ಅರ್ಧ ರೋಗ ಅಲ್ಲೇ ಗೊತ್ತಾಯಿತು. ಇವು ಒಂದೇ ದೋಷದ ಎರಡು ಮುಖಗಳಲ್ಲ, ಬೇರೆಬೇರೆ ಎರಡು ದೋಷ. ಒಂದು ಥ್ರಾಟಲ್ಲಿನ ಹಿಂದೆ ಹೋಗುತ್ತಿದೆ, ಇನ್ನೊಂದು ಪಂಪಿನ ಸ್ವಿಚ್ಚಿನ ಹಿಂದೆ. ಎರಡನ್ನೂ ಸೇರಿಸಿ ಒಂದೇ ಮದ್ದು ಹುಡುಕಿದ್ದಕ್ಕೇ ಮೂರು ತಿಂಗಳು ಹಾಳಾಗಿದ್ದು.

ಸುತ್ತುವ ರೋಗ

ಕಂಪಾಸ್ ತಪ್ಪು ದಿಕ್ಕು ಹೇಳಿದರೆ ತನ್ನ ಜಾಗಕ್ಕೆ ಮರಳಲು ಹೊರಟ ಡ್ರೋನ್ ಓರೆಗೆ ಹೋಗುತ್ತದೆ, ಅದನ್ನೇ ತಿದ್ದುತ್ತಾ ತಿದ್ದುತ್ತಾ ಸುತ್ತು ಹೊಡೆಯುತ್ತದೆ. ಮೊದಲು ಲಾಗ್, ಅಂದರೆ ಹಾರಾಟದ ದಾಖಲೆ, ಇಳಿಸಿಕೊಳ್ಳಿ. ಇದು ಆರ್ಡುಪೈಲಟ್ ಎಂಬ ಆಟೋಪೈಲಟ್ ಸಾಫ್ಟ್‌ವೇರ್ ಓಡುವ ಡ್ರೋನ್, ಹಾಗಾಗಿ ಕಂಪಾಸಿನ ಮೂರು ಅಕ್ಷದ ಅಂಕಿಗಳೂ ಬ್ಯಾಟರಿಯ ಕರೆಂಟೂ ಲಾಗಿನಲ್ಲಿ ಸಿಗುತ್ತವೆ. ಮೂರು ಅಕ್ಷಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಒಟ್ಟು ಕಾಂತಬಲ. ಡ್ರೋನ್ ಹೇಗೇ ತಿರುಗಿದರೂ ಈ ಒಟ್ಟು ಬಲ ಬದಲಾಗಬಾರದು, ಯಾಕೆಂದರೆ ಭೂಮಿಯ ಕಾಂತಬಲ ತೋಟದ ಈ ತುದಿಯಿಂದ ಆ ತುದಿಗೆ ಬದಲಾಗುವುದಿಲ್ಲ. ನಮ್ಮ ಸೀಮೆಯಲ್ಲಿ ಅದು ಸುಮಾರು 41 ಮೈಕ್ರೋಟೆಸ್ಲಾ. ಆರ್ಡುಪೈಲಟ್ ಮಿಲಿಗಾಸ್ ಲೆಕ್ಕದಲ್ಲಿ ಬರೆಯುವುದರಿಂದ 410ರ ಆಸುಪಾಸು ಕಾಣಬೇಕು.

ಒಂದು ಮಾತು ಇಲ್ಲಿ. ಭೂಮಧ್ಯರೇಖೆಗೆ ಹತ್ತಿರ ಇರುವುದರಿಂದ ನಮ್ಮಲ್ಲಿ ಈ ಬಲ ಬಹುಪಾಲು ನೆಲಕ್ಕೆ ಸಮಾನಾಂತರವಾಗಿಯೇ ಇದೆ, ಕಂಪಾಸಿಗೆ ದಿಕ್ಕು ಹೇಳುವುದೂ ಆ ಅಡ್ಡ ಭಾಗವೇ. ನಾರ್ವೆಯಂಥ ಕಡೆ ಬಲ ನೆಲದೊಳಕ್ಕೆ ಕಡಿದಾಗಿ ಇಳಿಯುತ್ತದೆ, ಅಡ್ಡ ಭಾಗ ನಮ್ಮದರ ಮೂರನೇ ಒಂದು ಪಾಲು ಉಳಿದರೆ ಹೆಚ್ಚು. ಅಲ್ಲಿ ಈ ಡ್ರೋನ್ ಖಾಲಿ ಟ್ಯಾಂಕಿನಲ್ಲೂ ಸುತ್ತುತ್ತಿತ್ತು. ಕೋಲಾರದಲ್ಲಿದ್ದೇವೆ ಅನ್ನುವುದೇ ನಮಗೆ ಅರ್ಧ ಕ್ಷಮೆ.

ಲಾಗಿಗಾಗಿ ಹಾರಿಸುವಾಗ ಲೋಯಿಟರ್ ಬೇಡ, ಎತ್ತರ ಮಾತ್ರ ಹಿಡಿಯುವ ಆಲ್ಟ್‌ಹೋಲ್ಡ್‌ನಲ್ಲಿ ಹಾರಿಸಿ. ಅದು ಜಾಗ ಹಿಡಿದು ನಿಲ್ಲಲು ನೋಡುವುದಿಲ್ಲ, ಹಾಗಾಗಿ ಕಂಪಾಸ್ ಸುಳ್ಳು ಹೇಳಿದರೂ ಓಡಿಹೋಗುವುದಿಲ್ಲ. ಟ್ಯಾಂಕಿಗೆ ಬರೀ ನೀರು ತುಂಬಿ, ಎರಡಾಳು ಎತ್ತರಕ್ಕೆ ಏರಿಸಿ, ಒಂದು ನಿಮಿಷ ನಿಲ್ಲಿಸಿ ಇಳಿಸಿ. ರೆಕ್ಕೆಗಳನ್ನು ತಿರುವಿ ಹಾಕಿ, ನೆಲಕ್ಕೆ ಕಟ್ಟಿ, ಮೋಟರಿನ ಕರೆಂಟು ಕಂಪಾಸನ್ನು ಎಷ್ಟು ಕೆಡಿಸುತ್ತದೆ ಅಂತ ಅಳೆಯುವ ಕಂಪಾಸ್‌ಮಾಟ್ ಓಡಿಸುವ ವಿಧಾನವೂ ಇದೆ. ಸಣ್ಣ ಡ್ರೋನಿಗೆ ಅದು ಸರಿ. ಈ ಗಾತ್ರದ ಔಷಧಿ ಡ್ರೋನಿಗೆ ನಾನು ಮಾಡುವುದಿಲ್ಲ; ಹಗ್ಗ ಕಿತ್ತರೆ ಎದುರಿಗಿರುವುದು ನನ್ನ ಮೊಣಕಾಲು.

ನಮಗೆ ಸಿಕ್ಕ ಅಂಕಿ ಹೀಗಿತ್ತು. ಮೋಟರು ನಿಂತಾಗ 412. ಖಾಲಿ ಟ್ಯಾಂಕಿನಲ್ಲಿ ಗಾಳಿಯಲ್ಲಿ ನಿಂತಾಗ 38 ಆಂಪಿಯರ್, ಬಲ 500. ತುಂಬಿದ ಟ್ಯಾಂಕಿನಲ್ಲಿ 85 ಆಂಪಿಯರ್, ಬಲ 610. ಪ್ರತಿ ಆಂಪಿಯರ್‌ಗೆ ಎರಡೂಕಾಲು ಮಿಲಿಗಾಸಿನ ಚೂರು ಮೇಲೆ, ಎರಡು ಸಲವೂ. ಕರೆಂಟಿನ ಗೆರೆ, ಕಾಂತಬಲದ ಗೆರೆ ಎರಡನ್ನೂ ಒಂದರ ಮೇಲೊಂದು ಇಟ್ಟರೆ ಅಕ್ಕತಂಗಿಯರ ಹಾಗೆ ಏರಿಳಿಯುತ್ತಿದ್ದವು. ಆರ್ಡುಪೈಲಟ್ಟಿನವರ ಲೆಕ್ಕದಲ್ಲಿ ಅಡಚಣೆ ಭೂಮಿಯ ಬಲದ 30 ಶೇಕಡಾ ಒಳಗಿದ್ದರೆ ಪರವಾಗಿಲ್ಲ, 30ರಿಂದ 60 ಅನುಮಾನ, 60 ದಾಟಿದರೆ ಹಾರಿಸಬೇಡಿ. ನಮ್ಮದು ಖಾಲಿಯಲ್ಲಿ 21, ತುಂಬಿದಾಗ 48. ಹುಡುಗ ಹೇಳಿದ್ದಕ್ಕೆ ಅಂಕಿ ತಾಳೆ ಬಿತ್ತು.

ಹಾಗಾದರೆ ಯಾವ ವೈರು? ಲ್ಯಾಪ್‌ಟಾಪ್ ಇಲ್ಲದೆ ತೋಟದಲ್ಲೇ ನೋಡಬೇಕಾದರೆ ಮೊಬೈಲಿನ ಕಂಪಾಸ್ ಆ್ಯಪ್ ಸಾಕು. ಮೈಕ್ರೋಟೆಸ್ಲಾ ತೋರಿಸುವಂಥದ್ದು ಬೇಕು. ಆದರೆ ತಿರುಗುವ ರೆಕ್ಕೆಯ ಹತ್ತಿರ ಕೈ ಹಾಕಬೇಡಿ. ರೆಕ್ಕೆ ಬಿಚ್ಚಿ, ಪವರ್ ವೈರಿನಲ್ಲಿ ಬೇರೆ ಲೋಡು ಹಾಕಿ ಹತ್ತಿಪ್ಪತ್ತು ಆಂಪಿಯರ್ ಹರಿಸಿ, ಮೊಬೈಲನ್ನು ಕಂಪಾಸಿನ ಜಾಗದಲ್ಲಿ ಹಿಡಿಯಿರಿ. ಲೋಡು ಹಾಕಿ ತೆಗೆದಾಗ ಅಂಕಿ ಎಷ್ಟು ಕುಣಿಯುತ್ತದೆ ನೋಡಿ.

ನಮ್ಮ ಡ್ರೋನಿನಲ್ಲಿ ಅಷ್ಟೂ ಬೇಕಾಗಲಿಲ್ಲ, ಮೇಲಿನ ತಟ್ಟೆ ಬಿಚ್ಚಿದ ಕೂಡಲೇ ಕಣ್ಣಿಗೆ ಬಿತ್ತು. ಹಿಂದೆ ಒಂದು ತೋಳು ಮುರಿದಾಗ ರಿಪೇರಿ ಮಾಡಿದವರು ಬ್ಯಾಟರಿಯ ಪ್ಲಸ್ ವೈರನ್ನು ತಟ್ಟೆಯ ಮೇಲಿಂದಲೂ ಮೈನಸ್ಸನ್ನು ಕೆಳಗಿನಿಂದಲೂ ಎಳೆದಿದ್ದರು, ನಡುವೆ ಮೂರು ಸೆಂಟಿಮೀಟರ್ ಅಂತರ. ನೋಡಲು ನೀಟು. ಕೆಲಸಕ್ಕೆ ಕೇಡು. ಒಂದೇ ವೈರಿನಲ್ಲಿ 85 ಆಂಪಿಯರ್ ಹರಿದರೆ 15 ಸೆಂಟಿಮೀಟರ್ ದೂರದಲ್ಲಿ ಹುಟ್ಟುವ ಕಾಂತಬಲ 113 ಮೈಕ್ರೋಟೆಸ್ಲಾ, ಭೂಮಿಯದಕ್ಕಿಂತ ಎರಡೂವರೆ ಪಟ್ಟಿಗೂ ಮೇಲೆ. ಹಿಂದಿರುಗುವ ವೈರು ಪಕ್ಕದಲ್ಲೇ ಇದ್ದರೆ ಅದರ ಬಲ ಎದುರು ದಿಕ್ಕಿನದಾಗಿ ಇದನ್ನು ತಿಂದುಹಾಕುತ್ತದೆ. ಮೂರು ಸೆಂಟಿಮೀಟರ್ ಬಿಟ್ಟರೆ 22ರಷ್ಟು ಉಳಿಯುತ್ತದೆ, ಒಂದು ಸೆಂಟಿಮೀಟರಿಗೆ ತಂದರೆ ಏಳೂವರೆ. ಜಡೆ ಹೆಣೆದ ಹಾಗೆ ಸುತ್ತಿದರೆ ಇನ್ನೂ ಕಡಿಮೆ.

ಎರಡೂ ವೈರು ಬಿಚ್ಚಿ, ಜೋಡಿಯಾಗಿ ಹೊಸೆದು, ಒಂದೇ ದಾರಿಯಲ್ಲಿ ಎಳೆದೆವು. ಆ ದಪ್ಪದ ಸಿಲಿಕಾನ್ ವೈರು ಸುಲಭಕ್ಕೆ ಹೊಸೆಯಲು ಬರುವುದಿಲ್ಲ, ಸಿಕ್ಕಷ್ಟು ಸುತ್ತು ಹಾಕಿ ಟ್ಯಾಗ್ ಬಿಗಿಯಿರಿ ಸಾಕು. ಕಂಪಾಸಿನ ಕಂಬದ ಬುಡದಲ್ಲಿದ್ದ ಕಬ್ಬಿಣದ ಎರಡು ಸ್ಕ್ರೂ ತೆಗೆದು ಹಿತ್ತಾಳೆಯದು ಹಾಕಿದೆವು. ಆಮೇಲೆ ಬಯಲಿನಲ್ಲಿ, ಜೇಬಿನಿಂದ ಮೊಬೈಲು, ಬೀಗದಕೈ ತೆಗೆದಿಟ್ಟು, ಕ್ಯಾಲಿಬ್ರೇಷನ್. ತುಂಬಿದ ಟ್ಯಾಂಕಿನಲ್ಲಿ ಬಲ 440. ಸುತ್ತುವುದು ಅಲ್ಲಿಗೆ ಮುಗಿಯಿತು.

ಈ ಕೆಲಸಕ್ಕೆ ಫೆರೈಟ್ ರಿಂಗ್ (ಗದ್ದಲ ತಡೆಯಲು ವೈರಿಗೆ ಹಾಕುವ ಕಪ್ಪು ಬಳೆ) ತಂದು ವೈರಿಗೆ ಸಿಕ್ಕಿಸುವವರನ್ನು ನೋಡಿದ್ದೇನೆ. ಕಂಪಾಸಿನ ದೋಷಕ್ಕೂ ಅದಕ್ಕೂ ಸಂಬಂಧವಿಲ್ಲ. ಕಂಪಾಸನ್ನು ಕೆಡಿಸುವುದು ನೆಟ್ಟಗೆ ಹರಿಯುವ ಡಿಸಿ ಕರೆಂಟು. ಫೆರೈಟ್ ಕೆಲಸ ಮಾಡುವುದು ಮೆಗಾಹರ್ಟ್ಸ್ ಲೆಕ್ಕದ ಗದ್ದಲದ ಮೇಲೆ.

ದಾರಿ ತಪ್ಪುವ ರೋಗ

ನನ್ನ ತಲೆ ತಿಂದಿದ್ದು ಇದು. ನಾನೇ ಮೊದಲು ತಪ್ಪು ಮಾಡಿದೆ ಅನ್ನುವುದನ್ನೂ ಬರೆಯುತ್ತೇನೆ.

ಜಿಪಿಎಸ್ ಸಿಗ್ನಲ್ ಎಷ್ಟು ಬಡಪಾಯಿ ಅನ್ನುವುದು ತಲೆಯಲ್ಲಿರಬೇಕು. ನೆಲ ಮುಟ್ಟುವಾಗ ಅದರ ಶಕ್ತಿ ಸುಮಾರು ಮೈನಸ್ 130 ಡಿಬಿಎಂ (ಒಂದು ಮಿಲಿವ್ಯಾಟಿಗೆ ಹೋಲಿಸಿದ ಡೆಸಿಬಲ್ ಲೆಕ್ಕ). ಒಂದು ವ್ಯಾಟನ್ನು ಕೋಟಿ ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ನೂರು ಚೂರು ಮಾಡಿದರೆ ಒಂದು ಚೂರು. ಇದು 1575.42 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಆ ಫ್ರೀಕ್ವೆನ್ಸಿಯ ಅಲೆ 19 ಸೆಂಟಿಮೀಟರ್ ಉದ್ದ, ಕಾಲು ಅಲೆ ಐದು ಸೆಂಟಿಮೀಟರಿಗೂ ಕಡಿಮೆ. ಎಂದರೆ ಬೆರಳುದ್ದದ ಬಿಡಿ ವೈರು ಕೂಡ ಅಲ್ಲಿ ಒಳ್ಳೆಯ ಆಂಟೆನಾ.

ಪರೀಕ್ಷೆಗೆ ರೆಕ್ಕೆ ಬಿಚ್ಚಿ, ಡ್ರೋನನ್ನು ಬಯಲಿನಲ್ಲಿ ಸ್ಟೂಲಿನ ಮೇಲಿಟ್ಟೆವು. ಯುಬ್ಲಾಕ್ಸ್ ಕಂಪನಿಯ ಜಿಪಿಎಸ್ ರಿಸೀವರಾದ್ದರಿಂದ ಯು-ಸೆಂಟರ್ ಸಾಫ್ಟ್‌ವೇರಿನಲ್ಲಿ ಒಂದೊಂದು ಸ್ಯಾಟಲೈಟಿನ ಸಿಗ್ನಲ್-ಗದ್ದಲ ಅನುಪಾತ ಕಾಣುತ್ತದೆ. ಲ್ಯಾಪ್‌ಟಾಪನ್ನು ಎರಡು ಮೂರು ಮೀಟರ್ ಆಚೆ ಇಡಿ, ಅದೂ ಗದ್ದಲ ಮಾಡುವ ಪ್ರಾಣಿಯೇ. ಚೆನ್ನಾಗಿ ಕಾಣುವ ಆರು ಸ್ಯಾಟಲೈಟುಗಳ ಸರಾಸರಿ ಬರೆದುಕೊಳ್ಳಿ. ಎಷ್ಟು ಸ್ಯಾಟಲೈಟ್ ಅನ್ನುವ ಲೆಕ್ಕವನ್ನು ನಂಬಬೇಡಿ. ಅನುಪಾತ ಹತ್ತು ಡೆಸಿಬಲ್ ಬಿದ್ದ ಮೇಲೂ ಹದಿನಾಲ್ಕು ಸ್ಯಾಟಲೈಟ್ ತೋರಿಸುತ್ತಾ ಕೂತಿರುತ್ತದೆ, ಆಮೇಲೆ ಒಮ್ಮೆಲೇ ಮಕಾಡೆ ಬೀಳುತ್ತದೆ.

ಆಟೋಪೈಲಟ್ ಮತ್ತು ಜಿಪಿಎಸ್ ಮಾತ್ರ ಹಚ್ಚಿದಾಗ ಅನುಪಾತ 44 ಡೆಸಿಬಲ್. ರಿಮೋಟಿನ ರಿಸೀವರ್ ಸೇರಿಸಿದೆವು, 44. ಡ್ರೋನಿನ ಸ್ಥಿತಿಯನ್ನು ನೆಲಕ್ಕೆ ಕಳಿಸುವ ಟೆಲಿಮೆಟ್ರಿ ರೇಡಿಯೋ, 44. ಮುಂದಿನ ಕ್ಯಾಮೆರಾ ಮತ್ತು ವಿಡಿಯೋ ಟ್ರಾನ್ಸ್‌ಮಿಟರ್, 43. ಪಂಪ್ ಹಾಕಿದೆವು, 31. ಸ್ಯಾಟಲೈಟು 17ರಿಂದ 8ಕ್ಕೆ. ಪಂಪ್ ಆರಿಸಿದರೆ ಹತ್ತು ಸೆಕೆಂಡಿನಲ್ಲಿ ವಾಪಸ್ಸು. ಒಂದೊಂದನ್ನೇ ಸೇರಿಸುವುದು, ಐದು ನಿಮಿಷದೊಳಗೆ ಎಲ್ಲ ಮುಗಿಸುವುದು ಮುಖ್ಯ. ತಡ ಮಾಡಿದರೆ ಆಕಾಶದಲ್ಲಿ ಸ್ಯಾಟಲೈಟುಗಳೇ ಜಾಗ ಬದಲಿಸಿರುತ್ತವೆ.

ಪಂಪು ಮೂಲದ್ದಲ್ಲ. ಹಳೆಯದು ಸುಟ್ಟುಹೋದಾಗ ಬೆಂಗಳೂರಿನಿಂದ 12 ವೋಲ್ಟಿನ ಬ್ರಶ್ ಮೋಟರಿನ ಡಯಾಫ್ರಮ್ ಪಂಪ್ ತಂದು, ಬ್ಯಾಟರಿಯ 44 ವೋಲ್ಟನ್ನು ಇಳಿಸಲು ಒಂದು ಬಕ್ ಕನ್ವರ್ಟರ್ ಹಾಕಿದ್ದರು. ನಾನು ನೋಡಿದ ತಕ್ಷಣ ಅಂದೆ: ಬ್ರಶ್ಶಿನ ಕಿಡಿ. ಹಳೆ ಮಿಕ್ಸಿ ಹಾಕಿದರೆ ರೇಡಿಯೋ ಕರಗುಟ್ಟುವುದನ್ನು ಕೇಳಿ ಬೆಳೆದವರಿಗೆ ಅನುಮಾನ ನೆಟ್ಟಗೆ ಅಲ್ಲಿಗೇ ಹೋಗುತ್ತದೆ. ಬ್ರಶ್ಶಿನ ಎರಡು ಟರ್ಮಿನಲ್ಲಿಗೂ ಮೋಟರಿನ ಮೈಗೂ ಸಣ್ಣ ಸೆರಾಮಿಕ್ ಕೆಪಾಸಿಟರ್ ಬೆಸೆದೆ. ಮತ್ತೆ ನೋಡಿದರೆ 31. ಒಂದು ಮಧ್ಯಾಹ್ನ ಹೋಯಿತು.

ಮಾರನೆಯ ದಿನ ಬುದ್ಧಿ ಬಂತು. ಪಂಪನ್ನು ಕನ್ವರ್ಟರಿನಿಂದ ಬಿಡಿಸಿ, ಬೈಕಿನ 12 ವೋಲ್ಟ್ ಬ್ಯಾಟರಿಗೆ ಕೊಟ್ಟೆವು. ಪಂಪ್ ಓಡುತ್ತಿದೆ, ಅನುಪಾತ 43. ಈಗ ಕನ್ವರ್ಟರಿಗೆ ಪಂಪಿನ ಬದಲು ಕಾರಿನ 60/55 ವ್ಯಾಟ್ ಹೆಡ್‌ಲೈಟ್ ಬಲ್ಬು. ಹೆಚ್ಚುಕಮ್ಮಿ ಅಷ್ಟೇ ಕರೆಂಟು, ಕಿಡಿಯಿಲ್ಲ, ತಿರುಗುವುದಿಲ್ಲ. ಅನುಪಾತ 31. ಬ್ರಶ್ ನಿರಪರಾಧಿ. ಬಲ್ಬು ಇನ್ನೂ ನನ್ನ ಡಬ್ಬದಲ್ಲಿದೆ, ಇಂಥ ಕೆಲಸಕ್ಕೆ ಅದಕ್ಕಿಂತ ಪ್ರಾಮಾಣಿಕ ಲೋಡು ಇಲ್ಲ.

ಬಕ್ ಕನ್ವರ್ಟರ್ ಮಾಡುವುದು ಇಷ್ಟೇ: ಸೆಕೆಂಡಿಗೆ ಲಕ್ಷಾಂತರ ಸಲ 44 ವೋಲ್ಟನ್ನು ಕತ್ತರಿಸಿ ಕತ್ತರಿಸಿ ಕೊಡುತ್ತದೆ. ಕತ್ತರಿಸುವ ವೇಗ ಕೆಲವು ನೂರು ಕಿಲೋಹರ್ಟ್ಸ್ ಇರಬಹುದು, ಆದರೆ ಒಂದೊಂದು ಕತ್ತರಿಕೆಯ ಅಂಚು ಎಷ್ಟು ಚೂಪೋ ಅದರ ಗದ್ದಲ ಅಷ್ಟು ಮೇಲಿನ ಫ್ರೀಕ್ವೆನ್ಸಿವರೆಗೆ ಹೋಗುತ್ತದೆ. ಅಗ್ಗದ ಬೋರ್ಡಿನಲ್ಲಿ ಇನ್‌ಪುಟ್ ಕೆಪಾಸಿಟರ್ ದೂರ, ಕವಚ ಇಲ್ಲ, ಹೊರಗೆ ಒಂದಡಿ ಉದ್ದದ ನಾಲ್ಕು ಬಿಡಿ ವೈರು.

ಕಣ್ಣಾರೆ ನೋಡಬೇಕೆಂದರೆ ಅಗ್ಗದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಲ್ಯಾಪ್‌ಟಾಪಿಗೆ ಸಿಕ್ಕಿಸುವ ರೇಡಿಯೋ ರಿಸೀವರ್) ಸಾಕು, ಸಾಮಾನ್ಯವಾಗಿ ಸಿಗುವಂಥದ್ದು 1700 ಮೆಗಾಹರ್ಟ್ಸ್ ದಾಟಿ ಕೇಳುತ್ತದೆ. ಕೋ-ಆ್ಯಕ್ಸಿಯಲ್ ವೈರಿನ ತುದಿಯ ಒಳತಂತಿಯನ್ನು ಬಾಗಿಸಿ, ಹೊರಜಾಲಕ್ಕೆ ಬೆಸೆದು, ಹೆಬ್ಬೆರಳ ಉಗುರಿನಷ್ಟು ಬಳೆ ಮಾಡಿ. ಅದೇ ನಿಮ್ಮ ಮೂಸುನಾಯಿ. 1575ಕ್ಕೆ ಟ್ಯೂನ್ ಮಾಡಿ ಬೋರ್ಡಿನ ಮೇಲೆ ಓಡಿಸಿದರೆ ಗದ್ದಲದ ನೆಲಗೆರೆ ಎಲ್ಲಿ ಉಬ್ಬುತ್ತದೆ ಅನ್ನುವುದು ಕಾಣುತ್ತದೆ. ಜಿಪಿಎಸ್ ಸಿಗ್ನಲನ್ನೇ ಹುಡುಕಲು ಹೋಗಬೇಡಿ, ಅದು ನೆಲಗೆರೆಗಿಂತ ಕೆಳಗೆ ಹೂತಿರುತ್ತದೆ.

ಯುಬ್ಲಾಕ್ಸ್ ಕೊಡುವ ಜಾಮಿಂಗ್ ಸೂಚಿ ಎಂಬ ಅಂಕಿಯ ಬಗ್ಗೆಯೂ ಎಚ್ಚರ. 0ಯಿಂದ 255ರವರೆಗೆ ಓಡುವ ಅದು ಒಂದೇ ಫ್ರೀಕ್ವೆನ್ಸಿಯಲ್ಲಿ ಮೊನಚಾಗಿ ನಿಲ್ಲುವ ಸಿಗ್ನಲನ್ನು ಹಿಡಿಯಲು ಇರುವುದು. ಕನ್ವರ್ಟರಿನ ಗದ್ದಲ ಚಾಪೆಯಂತೆ ಹಾಸಿಕೊಂಡಿರುತ್ತದೆ. ನಮ್ಮಲ್ಲಿ ಸೂಚಿ ಕೊನೆವರೆಗೂ ಶಾಂತವಾಗಿತ್ತು, ಮಾಲೀಕ ಅದನ್ನೇ ತೋರಿಸಿ ಜಿಪಿಎಸ್ಸೇ ಕೆಟ್ಟಿದೆ ಅಂತ ವಾದಿಸುತ್ತಿದ್ದ. ಅದರ ಬದಲು ಗದ್ದಲದ ಮಟ್ಟ ಮತ್ತು ಗೇನ್ ನಿಯಂತ್ರಣದ (ರಿಸೀವರ್ ಸಿಗ್ನಲನ್ನು ಎಷ್ಟು ಹಿಗ್ಗಿಸುತ್ತಿದೆ ಅನ್ನುವ) ಅಂಕಿ ನೋಡಿ.

ಮದ್ದು ಮಾಡಿದ್ದು ಈ ಕ್ರಮದಲ್ಲಿ. ಕನ್ವರ್ಟರನ್ನು ಜಿಪಿಎಸ್ ಕಂಬದ ಬುಡದಿಂದ ಕಿತ್ತು ಟ್ಯಾಂಕಿನ ಕೆಳಗೆ ಸಾಗಿಸಿದ್ದರಿಂದಲೇ 31 ಇದ್ದದ್ದು 37ಕ್ಕೆ ಬಂತು. ದೂರಕ್ಕಿಂತ ಅಗ್ಗದ ಔಷಧಿ ಇಲ್ಲ. ವೈರು ಗಿಡ್ಡ ಮಾಡಿ ಹೊಸೆದಾಗ 39. ಸಣ್ಣ ಅಲ್ಯೂಮಿನಿಯಂ ಡಬ್ಬದೊಳಗೆ ಕೂರಿಸಿ, ಡಬ್ಬವನ್ನು ಇನ್‌ಪುಟ್ಟಿನ ಮೈನಸ್ಸಿಗೆ ಸೇರಿಸಿದಾಗ 41. ಕೊನೆಗೆ ಒಳಬರುವ, ಹೊರಹೋಗುವ ವೈರುಗಳಿಗೆ ಫೆರೈಟ್. ಪ್ಲಸ್ಸು ಮೈನಸ್ಸು ಎರಡನ್ನೂ ಒಟ್ಟಿಗೇ ರಿಂಗಿನೊಳಗೆ ತೂರಿಸಬೇಕು, ಒಂದನ್ನೇ ತೂರಿಸಿದರೆ ಡಿಸಿ ಕರೆಂಟಿಗೆ ಫೆರೈಟ್ ತುಂಬಿಹೋಗಿ ಸತ್ತ ಕಲ್ಲಾಗುತ್ತದೆ. ಎರಡು ಸುತ್ತು ಹಾಕಿದರೆ ಫಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಲ್ಲಿಗೆ 42.

ರಿಮೋಟು, ಟೆಲಿಮೆಟ್ರಿ

ಇಲ್ಲಿ ಹೆಚ್ಚು ಹೇಳುವುದಿಲ್ಲ. ಹೊರದೇಶದ ಅಂಗಡಿಯಿಂದ 915 ಮೆಗಾಹರ್ಟ್ಸಿನ ಟೆಲಿಮೆಟ್ರಿ ತರಿಸಿದ್ದರೆ ತೆಗೆದಿಡಿ. ಅದು ಓಡಾಡುವ 902ರಿಂದ 928ರ ಪಟ್ಟಿ ನಮ್ಮಲ್ಲಿ ಮೊಬೈಲುಗಳು ಟವರಿಗೆ ಮಾತಾಡುವ ಪಟ್ಟಿಯ ಮೇಲೆ ಬೀಳುತ್ತದೆ. ಭಾರತದಲ್ಲಿ ಲೈಸೆನ್ಸ್ ಬೇಡದ್ದು 865-868. ಇನ್ನು ಯುಎಸ್‌ಬಿ 3.0 ಕೇಬಲ್ಲು 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಮಾಡುವುದು ಹಳೇ ಕಥೆ. ಸರ್ವೆ ಡ್ರೋನಿನ ಮೇಲೆ ಸಣ್ಣ ಕಂಪ್ಯೂಟರ್ ಕೂರಿಸಿ ರಿಮೋಟಿನ ದೂರ ಕುಗ್ಗಿದರೆ ಮೊದಲು ಆ ಕೇಬಲ್ ನೋಡಿ.

ಹೊರಗಿನದ್ದೇ ಆದರೆ

ಕೋಲಾರದವರಿಗೆ ಇಲ್ಲೊಂದು ವಿಶೇಷ ಇದೆ. ಒಡಿಶಾದ ತಾಲ್ಚೇರಿನಿಂದ ಬರುವ 500 ಕಿಲೋವೋಲ್ಟಿನ ಎಚ್‌ವಿಡಿಸಿ ಲೈನು ಮುಗಿಯುವುದು ನಮ್ಮ ಜಿಲ್ಲೆಯಲ್ಲೇ, 2003ರಿಂದ. ಹೈ ವೋಲ್ಟೇಜ್ ಡೈರೆಕ್ಟ್ ಕರೆಂಟ್ ಅನ್ನುವ ಹೆಸರೇ ಹೇಳುವಂತೆ ಅದರಲ್ಲಿ ಹರಿಯುವುದು ಡಿಸಿ. ಸಾಮಾನ್ಯ ಎಸಿ ಲೈನಿನ ಕಾಂತಬಲ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಲಾಡುವುದರಿಂದ ಕಂಪಾಸಿನ ಸರಾಸರಿಯಲ್ಲಿ ಬಹುಪಾಲು ಅಳಿಸಿಹೋಗುತ್ತದೆ. ಡಿಸಿ ಲೈನಿನದು ಅಳಿಸುವುದಿಲ್ಲ, ಸುಮ್ಮನೆ ಒಂದು ಕಡೆಗೆ ಎಳೆಯುತ್ತಾ ನಿಂತಿರುತ್ತದೆ. 2000 ಮೆಗಾವ್ಯಾಟ್ ಸಾಗುವಾಗ ಒಂದೊಂದು ಪೋಲಿನಲ್ಲಿ (ಪ್ಲಸ್, ಮೈನಸ್ ತಂತಿಗಳಿಗೆ ಆ ಹೆಸರು) 2000 ಆಂಪಿಯರ್. ಒಂದೇ ಪೋಲನ್ನು ಲೆಕ್ಕ ಹಾಕಿದರೆ 30 ಮೀಟರಿನಲ್ಲಿ 13 ಮೈಕ್ರೋಟೆಸ್ಲಾ. ಇನ್ನೊಂದು ಪೋಲಿನ ಕರೆಂಟು ಎದುರು ದಿಕ್ಕಿನದಾದ್ದರಿಂದ ಒಂದಷ್ಟು ಕಳೆಯುತ್ತದೆ, ಪೂರ್ತಿ ಅಲ್ಲ. ನಮ್ಮ ಪವರ್ ವೈರಿನದೇ ಕಥೆ, ಅಳತೆ ಮಾತ್ರ ದೊಡ್ಡದು. ಇಲ್ಲಿ ಲಾಗಿನ ಗುರುತು ಬೇರೆ: ಡ್ರೋನಿನ ಕರೆಂಟು ಸ್ಥಿರವಾಗಿದ್ದರೂ ಕಾಂತಬಲ ಜಾಗ ಬದಲಾದಂತೆ ಬದಲಾಗುತ್ತದೆ, ಲೈನಿನಿಂದ ದೂರ ಹೋದರೆ ಸರಿಹೋಗುತ್ತದೆ. ಅಂಥ ಕಡೆ ಕ್ಯಾಲಿಬ್ರೇಷನ್ ಮಾಡಬೇಡಿ, ಅಲ್ಲಿಂದ ಟೇಕಾಫ್ ಕೂಡ ಬೇಡ. ಆ ಲೈನಿನ ಹತ್ತಿರ ಡ್ರೋನ್ ಒಯ್ಯುವುದೇ ಬೇಡ ಅನ್ನುವುದು ಬೇರೆ ಮಾತು.

ಲೈನಿನ ಕೆಳಗೆ ಚಟಚಟ ಅನ್ನುತ್ತದಲ್ಲ, ಅದು ಜಿಪಿಎಸ್ ಕೆಡಿಸುತ್ತದೆ ಅನ್ನುವ ನಂಬಿಕೆ ಬಹಳ ಜನಕ್ಕಿದೆ. ಆ ಕೊರೋನಾ (ತಂತಿಯ ಸುತ್ತಲಿನ ಗಾಳಿಗೆ ವಿದ್ಯುತ್ತು ಸೋರುವುದು) ಗದ್ದಲ ಮುಖ್ಯವಾಗಿ ಕೆಳಗಿನ ಫ್ರೀಕ್ವೆನ್ಸಿಗಳದ್ದು. ಎಎಂ ರೇಡಿಯೋಗೆ ಕಂಟಕ, 1575 ಮೆಗಾಹರ್ಟ್ಸಿಗೆ ಅಷ್ಟಾಗಿ ಅಲ್ಲ.

ಲ್ಯಾಬಿನ ಸರ್ಟಿಫಿಕೇಟ್ ಇದ್ದರೆ ಸಾಲದೆ?

ಮಾಲೀಕ ಕೇಳಿದ ಪ್ರಶ್ನೆ. ಕನ್ವರ್ಟರಿನ ಮೇಲೆ ಎಂಥದೋ ಮುದ್ರೆ ಇತ್ತು. ಇಎಂಸಿ, ಅಂದರೆ ವಿದ್ಯುತ್ಕಾಂತೀಯ ಹೊಂದಾಣಿಕೆಯ, ಲ್ಯಾಬಿನಲ್ಲಿ ಎರಡು ಬಗೆ ನೋಡುತ್ತಾರೆ: ನೀವು ಎಷ್ಟು ಗದ್ದಲ ಮಾಡುತ್ತೀರಿ, ಮತ್ತು ಬೇರೆಯವರ ಗದ್ದಲ ಎಷ್ಟು ತಡೆದುಕೊಳ್ಳುತ್ತೀರಿ. ಮೊದಲನೆಯದರ ಮಿತಿ ಇಟ್ಟಿರುವುದು ನೆರೆಯವರ ಹಿತಕ್ಕೆ. ಸಿಐಎಸ್‌ಪಿಆರ್ 32 ಎಂಬ ಅಂತರರಾಷ್ಟ್ರೀಯ ಮಾನದಂಡದ ಬಿ ವರ್ಗದಲ್ಲಿ 1ರಿಂದ 3 ಗಿಗಾಹರ್ಟ್ಸ್ ನಡುವೆ, 3 ಮೀಟರ್ ದೂರದಲ್ಲಿ, ಸರಾಸರಿ ಮಿತಿ ಮೀಟರಿಗೆ 50 ಡೆಸಿಬಲ್-ಮೈಕ್ರೋವೋಲ್ಟ್. ಲೆಕ್ಕ ಹಾಕಿದರೆ ಸಾಧಾರಣ ಆಂಟೆನಾ ಅದರಿಂದ ಹಿಡಿಯುವ ಶಕ್ತಿ ಸುಮಾರು ಮೈನಸ್ 91 ಡಿಬಿಎಂ. ಜಿಪಿಎಸ್ಸಿನದು ಮೈನಸ್ 130. ಮಿತಿಯೊಳಗೇ ಇದ್ದು, ಪಾಸಾಗಿ, ಜಿಪಿಎಸ್ಸಿಗಿಂತ ಸಾವಿರಾರು ಪಟ್ಟು ಜೋರಾಗಿ ಕಿರುಚಬಹುದು. ಅದೂ 3 ಮೀಟರಿನಲ್ಲಿ. ನಮ್ಮ ಡ್ರೋನಿನಲ್ಲಿ ಕನ್ವರ್ಟರಿಗೂ ಆಂಟೆನಾಕ್ಕೂ ಇದ್ದದ್ದು ಒಂದು ಗೇಣು. ಪಕ್ಕದ ಮನೆಗೆ ಕೇಳಿಸದ ಗೊರಕೆ ಪಕ್ಕದಲ್ಲಿ ಮಲಗಿದವರಿಗೆ ಕೇಳಿಸುವುದಿಲ್ಲವೆ?

2021ರ ಡ್ರೋನ್ ನಿಯಮಗಳಡಿ ಕೊಡುವ ಟೈಪ್ ಸರ್ಟಿಫಿಕೇಟ್ ಕೂಡ ಪರೀಕ್ಷೆಗೆ ಹೋದ ಮಾದರಿಗೆ ಸಿಕ್ಕಿದ್ದು. ಆಮೇಲೆ ಬೇರೆ ಪಂಪು, ಕನ್ವರ್ಟರು ಸಿಕ್ಕಿಸಿದರೆ ಅದು ಆ ಮಾದರಿಯಲ್ಲ. ತಯಾರಕರ ಪಂಪೇ ಹಾಕಿಸು ಅಂತ ಅವನಿಗೆ ಹೇಳಿದ್ದೇನೆ, ಆರ್ಡರ್ ಮಾಡಿದ್ದಾನೆ. ಅಲ್ಲಿವರೆಗೆ ತೋಟದ ಹಾರಾಟ ಬೇಡ ಅಂತಲೂ.

ಮರುಪರೀಕ್ಷೆ

ರಿಪೇರಿಗೆ ಮುಂಚಿನ ಅಂಕಿಯನ್ನೂ ಆಮೇಲಿನದನ್ನೂ ಹೋಲಿಸಬೇಕಾದರೆ ಆಕಾಶ ಒಂದೇ ಆಗಿರಬೇಕು. ಜಿಪಿಎಸ್ ಸ್ಯಾಟಲೈಟುಗಳು 11 ಗಂಟೆ 58 ನಿಮಿಷಕ್ಕೊಂದು ಸುತ್ತು ಹಾಕುವುದರಿಂದ, ಇವತ್ತು ಕಂಡ ಜೋಡಣೆ ನಾಳೆ ನಾಲ್ಕು ನಿಮಿಷ ಮುಂಚೆ ಅಲ್ಲೇ ಇರುತ್ತದೆ. ಮೊದಲ ಪರೀಕ್ಷೆ ಬೆಳಗ್ಗೆ 10:30ಕ್ಕೆ ಆಗಿತ್ತು. ಆರು ದಿನದ ಮೇಲೆ ಅದೇ ಸ್ಟೂಲನ್ನು ಅದೇ ಜಾಗದಲ್ಲಿಟ್ಟು 10:06ಕ್ಕೆ ನೋಡಿದೆವು. ಕ್ಯಾಮೆರಾ, ಪಂಪ್ ಎರಡೂ ಆರಿದಾಗ 44, ಎರಡೂ ಓಡುವಾಗ 42, ಸ್ಯಾಟಲೈಟು 17ರಲ್ಲಿ ಒಂದೂ ಕಡಿಮೆಯಾಗಲಿಲ್ಲ. ಉಳಿದ ಎರಡು ಡೆಸಿಬಲ್ಲಿನಲ್ಲಿ ಒಂದು ಕ್ಯಾಮೆರಾದ್ದು. ಅದರ ಕೇಬಲ್ಲಿಗೆ ತಾಮ್ರದ ಹಾಳೆ ಸುತ್ತುವುದು ಮುಂದಿನ ವಾರದ ಕೆಲಸ.